ಗುತ್ತಿಗೆ ಹಿಡಿಯುವ ಮುಂಚೆ ಮಣ್ಣಿನ ಸೊರಗು ಪತ್ತೆ: ನನ್ನ ಅನುಭವ

ಈ ಸಲ ಮುಳಬಾಗಿಲು ಕಡೆ 3 ಎಕರೆ ಗುತ್ತಿಗೆಗೆ ಮಾತಾಡುವ ಮುಂಚೆ ಅಲ್ಲಿನ ಮಣ್ಣು ತಂದು ಪರೀಕ್ಷೆ ಮಾಡಿದೆ. ಕೆಳಗಿನ ಒಂದು ಎಕರೆಯಲ್ಲಿ ಟೊಮೇಟೊಗೆ ಬರುವ ದುಂಡಾಣು ಸೊರಗು, ಅಂದರೆ ಬ್ಯಾಕ್ಟೀರಿಯಾದಿಂದ ಗಿಡ ಬಾಡಿ ಸಾಯುವ ರೋಗ, ಕೂತಿದೆ ಅಂತ ಗೊತ್ತಾಯಿತು. ಮೇಲಿನ 2 ಎಕರೆಗೆ ಮಾಮೂಲಿ ಸಸಿ ಹಾಕಿದೆ, ಕೆಳಗಿನದಕ್ಕೆ ಈ ರೋಗ ತಡೆಯುವ ಬದನೆ ಬೇರಿನ ಮೇಲೆ ಕಸಿ ಕಟ್ಟಿದ ಟೊಮೇಟೊ ಸಸಿ. ಕುಯಿಲು ಮುಗಿಯುವ ತನಕ ಸೊರಗಿ ಕಿತ್ತದ್ದು ನೂರಕ್ಕೆ ಎರಡೋ ಮೂರೋ ಗಿಡ. ನಂಬದವರು ನೋಡಲಿ ಅಂತ ಕೆಳಗಿನ ಎಕರೆಯಲ್ಲೇ ಒಂದು ಸಾಲು ಮಾಮೂಲಿ ಸಸಿ ಬಿಟ್ಟಿದ್ದೆ. ಕಾಯಿ ಕಟ್ಟುವ ಹೊತ್ತಿಗೆ ಆ ಸಾಲಿನಲ್ಲಿ ಮುಕ್ಕಾಲು ಪಾಲು ಹಸಿರಾಗಿದ್ದಂತೆಯೇ ಬಾಡಿ ಮಲಗಿತು.

ಮೊದಲಿಗೆ ಇದನ್ನು ಯಾರೂ ಒಪ್ಪಲಿಲ್ಲ. ಜಮೀನಿನ ಯಜಮಾನರು "ಏನಪ್ಪಾ, ನನ್ನ ಭೂಮಿಗೆ ಜ್ವರ ನೋಡ್ತೀಯಾ?" ಅಂದರು. ಗೊಬ್ಬರದಂಗಡಿಯವರು ಎರಡು ಸಲ ಔಷಧಿ ಬುಡಕ್ಕೆ ಹುಯ್ದರೆ ಸಾಕು, ಇದೆಲ್ಲ ಯಾಕೆ ಅಂದರು. ಸೊರಗು ಗಿಡದ ನೀರ್ಗೊಳವೆಯೊಳಗೆ ಸೇರಿಕೊಂಡ ಮೇಲೆ ಬುಡಕ್ಕೆ ಏನು ಹುಯ್ದರೂ ಗಿಡ ಬದುಕಿದ್ದನ್ನು ನಾನಂತೂ ಕಂಡಿಲ್ಲ.

ಈ ರೋಗ ಗುರುತಿಸುವ ಗಾಜಿನ ಲೋಟದ ಪರೀಕ್ಷೆ ಬಹಳ ರೈತರಿಗೆ ಗೊತ್ತು. ಬಾಡಿದ ಗಿಡದ ಬುಡದ ಹತ್ತಿರದ ಕಾಂಡ ಕತ್ತರಿಸಿ ತಿಳಿನೀರಿನಲ್ಲಿ ತೂಗುಹಾಕಿದರೆ ನಾಲ್ಕೈದು ನಿಮಿಷದಲ್ಲಿ ಹಾಲಿನಂಥ ದುಂಡಾಣುವಿನ ಎಳೆ ಇಳಿಯುತ್ತದೆ. ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೊರಗು ಆಗಿದ್ದರೆ ಎಳೆ ಇಳಿಯುವುದಿಲ್ಲ, ಎಲೆ ಕೆಳಗಿನಿಂದ ಹಳದಿಯಾಗುತ್ತಾ ಬರುತ್ತದೆ. ಆದರೆ ಲೋಟದ ಪರೀಕ್ಷೆಗೆ ಬಾಡಿದ ಗಿಡ ಬೇಕು. ಅಷ್ಟು ಹೊತ್ತಿಗೆ ಮಲ್ಚಿಂಗ್, ಡ್ರಿಪ್, ನೀಲಗಿರಿ ಕೋಲು, ಕೂಲಿ ಎಲ್ಲ ಸೇರಿ ಎಕರೆಗೆ ಎರಡೂವರೆ ಲಕ್ಷದ ಹತ್ತಿರ ನೆಲಕ್ಕೆ ಹೋಗಿರುತ್ತದೆ. ನನಗೆ ಬೇಕಾಗಿದ್ದದ್ದು ನಾಟಿಗೆ ಮುಂಚಿನ ಉತ್ತರ.

ಮೊದಲು ಮಣ್ಣನ್ನೇ ನೀರಿನಲ್ಲಿ ಕಲಸಿ, ತಿಳಿ ತೆಗೆದು, ಟೆಟ್ರಜೋಲಿಯಂ ಎಂಬ ಬಣ್ಣ ತೋರಿಸುವ ಪುಡಿ ಹಾಕಿದ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಸವರಿ ನೋಡಿದೆ. ಕುಕ್ಕರಿನಲ್ಲಿ ಅಗರ್ ಬೇಯಿಸಿ, ಥರ್ಮಾಕೋಲ್ ಡಬ್ಬಿಗೆ ಬಲ್ಬ್ ಕಟ್ಟಿ ಬೆಚ್ಚಗಿಟ್ಟದ್ದಾಯಿತು. ಪುಡಿಗಳು, ಪ್ಲೇಟುಗಳು, ಒಂದು ಹಳೆಯ ಸೂಕ್ಷ್ಮದರ್ಶಕ ಸೇರಿ ಹದಿನೈದು ಸಾವಿರದ ಮೇಲೆ ಖರ್ಚು. ಬಂದದ್ದು ಬರೀ ಬೂಸ್ಟು ಮತ್ತು ಮಣ್ಣಿನ ನೂರೆಂಟು ಬೇರೆ ಬ್ಯಾಕ್ಟೀರಿಯಾ. ನಮಗೆ ಬೇಕಾದ, ಸೊರಗು ತರುವ ರಾಲ್‌ಸ್ಟೋನಿಯಾ ಇದ್ದರೂ ಆ ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಹೊರಗೆ ಕೊಟ್ಟು ಮಾಡಿಸೋಣವೆಂದರೆ ಒಂದು ಪ್ರಯೋಗಾಲಯದವರು ಒಂದು ಮಾದರಿಗೆ ಹೇಳಿದ ದರದಲ್ಲಿ ನನ್ನ ಒಂದು ವಾರದ ಕೂಲಿ ಬಟವಾಡೆ ಆಗುತ್ತಿತ್ತು. ವರದಿ ಯಾವಾಗ ಬರುತ್ತದೆಂದೂ ಹೇಳಲಿಲ್ಲ.

ಆಮೇಲೆ ದಾರಿ ತಿರುಗಿಸಿದೆ. ಮಣ್ಣಿನಲ್ಲಿ ಹುಡುಕುವ ಬದಲು ಗಿಡವನ್ನೇ ಎರೆಯಾಗಿ ಇಟ್ಟೆ. ನರ್ಸರಿ ಕವರಿಗೆ ಅರ್ಧ ಕೆಜಿ ಮಣ್ಣು, ಅದರಲ್ಲಿ ರೋಗಕ್ಕೆ ಬೇಗ ಸಿಗುವ ಟೊಮೇಟೊ ತಳಿಯ 25 ದಿನದ ಸಸಿ, ಒಂದು ಮಗ್ಗುಲಲ್ಲಿ ಚಾಕು ಇಳಿಸಿ ಬೇರಿಗೆ ಗಾಯ. ಅರ್ಕಾ ರಕ್ಷಕ್‌ನಂಥ ನಿರೋಧಕ ತಳಿ ಇದಕ್ಕೆ ಆಗದು. ನಾನು ಬಳಸುವ ತಳಿಯ ಹೆಸರು ನನ್ನಲ್ಲೇ ಇರಲಿ, ನಿಮ್ಮ ಊರಲ್ಲಿ ಯಾವುದು ಮೊದಲು ಬೀಳುತ್ತದೆ ಅನ್ನುವುದು ನಿಮಗೇ ಗೊತ್ತಿರುತ್ತದೆ. ಪ್ರತಿ ಜಮೀನಿನ ಸ್ವಲ್ಪ ಮಣ್ಣನ್ನು ಹಬೆಯಲ್ಲಿ ಬೇಯಿಸಿ, ಅದರಲ್ಲೂ ಸಸಿ ಇಡುತ್ತೇನೆ. ಬೇಯಿಸಿದ ಮಣ್ಣಿನ ಸಸಿ ನಿಂತು, ಬೇಯಿಸದ ಮಣ್ಣಿನದು ಬಿದ್ದರೆ ಮಾತ್ರ ಲೆಕ್ಕಕ್ಕೆ.

ಡಿಸೆಂಬರಿನಲ್ಲಿ ಇಟ್ಟದ್ದು ಪೂರಾ ಕೈಕೊಟ್ಟಿತು. ಸೊರಗು ಇದೆ ಅಂತ ಖಚಿತವಾಗಿ ಗೊತ್ತಿದ್ದ ಹೊಲದ ಮಣ್ಣು ಅದು, ಆದರೂ ಒಂದು ಸಸಿಯೂ ಬಾಡಲಿಲ್ಲ. ಕೋಲಾರದ ಆ ಚಳಿಯಲ್ಲಿ ಈ ರೋಗ ಮುದುಡಿಕೊಂಡಿರುತ್ತದೆ. ಅದೇ ಕವರುಗಳನ್ನು ಪಾಲಿಹೌಸಿನ ಮೂಲೆಯಲ್ಲಿ ಪ್ಲಾಸ್ಟಿಕ್ ಗುಡಾರ ಕಟ್ಟಿ 30 ಡಿಗ್ರಿ ಸುತ್ತಮುತ್ತ ಇಟ್ಟ ಮೇಲೆ ಹತ್ತು ಹನ್ನೆರಡು ದಿನಕ್ಕೆ ಬಾಡಲು ಶುರು. ರಾತ್ರಿ ಬಿಸಿ ಬಿಡದ ಹಾಗೆ ಇಡುವುದಕ್ಕೆ ನಾನೊಂದು ಉಪಾಯ ಮಾಡಿದ್ದೇನೆ, ಕರೆಂಟ್ ಇಲ್ಲದೆ ನಡೆಯುತ್ತದೆ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಇನ್ನೊಂದು ತೊಡಕು ಮಣ್ಣು ತರುವ ರೀತಿಯದು. ಗೊಬ್ಬರದ ಲೆಕ್ಕಕ್ಕೆ ಕೊಡುವ ಮಣ್ಣನ್ನು ನೆರಳಲ್ಲಿ ಒಣಗಿಸಿ ಕೊಡುತ್ತೇವಲ್ಲ, ಇಲ್ಲಿ ಹಾಗೆ ಮಾಡಿದರೆ ಕೆಲಸ ಕೆಟ್ಟಿತು. ಒಣಗಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ, ಫ್ರಿಜ್ಜಿನಲ್ಲಿಟ್ಟರೂ ಮಂಕಾಗುತ್ತದೆ. ಹಸಿಯಾಗಿಯೇ ಚೀಲ ಕಟ್ಟಿ ಅವತ್ತೇ ಕವರಿಗೆ ತುಂಬಬೇಕು. ಎಕರೆಗೆ ಇಪ್ಪತ್ತು ಕಡೆ, ಒಂದು ಗೇಣು ಆಳದಿಂದ. ನೀರು ಹರಿದು ನಿಲ್ಲುವ ತಗ್ಗಿನಲ್ಲಿ ಜಾಸ್ತಿ ತೆಗೆಯಬೇಕು, ಯಾಕೆಂದರೆ ಮೇಲಿನ ಹೊಲದ ರೋಗ ನೀರಿನ ಜೊತೆ ಅಲ್ಲಿಗೇ ಇಳಿಯುತ್ತದೆ.

ಬಾಡಿದ ಸಸಿಯೆಲ್ಲ ಸೊರಗಲ್ಲ. ಬೇರುಗಂಟಿನ ಜಂತುಹುಳು, ಬುಡಕೊಳೆ ಕೂಡ ಬೀಳಿಸುತ್ತವೆ. ಅದಕ್ಕೆ ಪ್ರತಿಯೊಂದನ್ನೂ ಲೋಟಕ್ಕೆ ಇಳಿಸಬೇಕು. ಅನುಮಾನ ಉಳಿದರೆ ಆ ಹಾಲನ್ನೇ ಅಗರ್ ಮೇಲೆ ಎಳೆಯುತ್ತೇನೆ. ಗಿಡದೊಳಗಿಂದ ಬಂದದ್ದರಿಂದ ಬೂಸ್ಟಿನ ಕಾಟ ತೀರಾ ಕಡಿಮೆ. ಎರಡು ದಿನಕ್ಕೆ ನಡುವೆ ಗುಲಾಬಿ, ಸುತ್ತ ಬಿಳಿ, ಲೋಳೆಯಂತೆ ಹರಡಿದ ಕಲೆಗಳು ಬಂದರೆ ಮುಗಿಯಿತು. ಮೊದಲು ದಂಡವಾಯಿತು ಅಂದುಕೊಂಡಿದ್ದ ಆ ಪುಡಿಗಳ ದುಡ್ಡು ಇಲ್ಲಿ ವಾಪಸ್ ಬಂತು.

ಈ ಮಧ್ಯೆ ಅಗರ್ ಮೇಲಿನ ಕಲೆ ಯಾವ ಬಗೆಯ ಬ್ಯಾಕ್ಟೀರಿಯಾದ್ದು ಅಂತ ಬೇರ್ಪಡಿಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಪರೀಕ್ಷೆಯನ್ನೂ ಕೈಗೆ ಹತ್ತಿಸಿಕೊಂಡೆ. ನೂರಕ್ಕೆ ಮೂರರ ದ್ರಾವಣದ ಒಂದು ಹನಿಯಲ್ಲಿ ಕಲೆಯನ್ನು ಕಡ್ಡಿಯಿಂದ ಕಲಸಿ ಎತ್ತಿದರೆ ರಾಲ್‌ಸ್ಟೋನಿಯಾ, ಎಲೆಚುಕ್ಕೆ ತರುವ ಜಾಂಥೋಮೊನಾಸ್ ಎರಡೂ ದಾರದಂತೆ ಎಳೆಯುತ್ತವೆ. ಕ್ಯಾಂಕರ್ (ಕಾಂಡ ಬಿರಿದು ಗಿಡ ಬಾಡುವ ಇನ್ನೊಂದು ರೋಗ) ತರುವ ಕ್ಲಾವಿಬ್ಯಾಕ್ಟರ್ ಎಳೆಯುವುದಿಲ್ಲ. ಕ್ಯಾಂಕರ್ ಬೀಜದಲ್ಲೇ ಬರುವಂಥದ್ದು, ಹಾಗಾಗಿ ಇದು ನರ್ಸರಿಯವರಿಗೆ ಬಹಳ ಮುಖ್ಯ. ಅನುಮಾನದ ಬೀಜವನ್ನು 50 ಡಿಗ್ರಿ ನೀರಿನಲ್ಲಿ 25 ನಿಮಿಷ ಇಟ್ಟೂ ನೋಡಿದ್ದೇನೆ. ಮೊಳಕೆ ಸ್ವಲ್ಪ ಇಳಿಯಿತು, ಸಸಿ ಚೊಕ್ಕವಾಗಿ ಬಂತು. ಕಲಿತದ್ದು ಬೇರೆ ಬೆಳೆಗೂ ಉಪಯೋಗಕ್ಕೆ ಬಂತು: ಶಿರಾದಿಂದ ನಮ್ಮ ಭಾವ ತಂದ ದಾಳಿಂಬೆ ಎಲೆಯ ಚುಕ್ಕೆಯನ್ನು ಕತ್ತರಿಸಿ ನೀರಿನ ಹನಿಯಲ್ಲಿಟ್ಟು ನೋಡಿದಾಗ ಅಂಚಿನಿಂದ ಹೊಗೆಯ ಹಾಗೆ ದುಂಡಾಣು ಹೊರಟದ್ದು ಕಂಡಿತು. ಅವರು ಅಲ್ಲಿಯ ತನಕ ಶಿಲೀಂಧ್ರದ ಔಷಧಿಗೆ ಸುರಿದದ್ದು ಕಡಿಮೆಯಲ್ಲ.

ಲೆಕ್ಕ ಹೇಳುತ್ತೇನೆ. ನಾನು ಕೊಂಡಾಗ ಮಾಮೂಲಿ ಸಸಿ ರೂಪಾಯಿ ಆಸುಪಾಸು, ಕಸಿ ಸಸಿ ಎಂಟರಿಂದ ಹತ್ತು ಇತ್ತು. ಎಕರೆಗೆ ಐದಾರು ಸಾವಿರ ಸಸಿ. ಹೆದರಿಕೊಂಡು ಮೂರೂ ಎಕರೆಗೆ ಕಸಿ ಹಾಕಿದ್ದರೆ ಸುಮಾರು ತೊಂಬತ್ತು ಸಾವಿರ ಹೆಚ್ಚಿಗೆ ಹೋಗುತ್ತಿತ್ತು. ಪರೀಕ್ಷೆಗೆ ಕವರು, ಸಸಿ, ಆಳು ಸೇರಿ ಎಂಟುನೂರು ದಾಟಲಿಲ್ಲ. ನಾನು ಬೇಡವೆಂದ ಇನ್ನೊಂದು ಜಮೀನನ್ನು ಬೇರೆಯವರು ಹಿಡಿದರು, ಅರ್ಧ ಬೆಳೆ ಮಂಡಿ ಸೇರಲಿಲ್ಲ. ಅವರಿಗೂ ಈಗ ಮಣ್ಣು ನೋಡಿಕೊಡುತ್ತಿದ್ದೇನೆ. ಎರಡು ವರ್ಷ ರಾಗಿ ಹಾಕಿ ಅಂದಿದ್ದೇನೆ, ಬದುವಿನ ಗಣಿಕೆ ಸೊಪ್ಪನ್ನೂ ಕಿತ್ತುಹಾಕಲು ಹೇಳಿದ್ದೇನೆ. ಅದರಲ್ಲಿಯೂ ಈ ರೋಗ ಉಳಿದುಕೊಳ್ಳುತ್ತದೆ.

ಮಾರ್ಚ್ ನಾಟಿಗೆ ಜಮೀನು ನೋಡುವವರು ಜನವರಿಯಲ್ಲೇ ಮಣ್ಣು ತೆಗೆಯಿರಿ, ಮೂರು ವಾರ ಬೇಕೇ ಬೇಕು. ಪರೀಕ್ಷೆ ಮುಗಿದ ಮಣ್ಣನ್ನೂ ಲೋಟದ ನೀರನ್ನೂ ಕಾಲುವೆಗೆ ಚೆಲ್ಲಬೇಡಿ. ಡ್ರಮ್ಮಿನಲ್ಲಿ ಕುದಿಸಿ, ಆಮೇಲೆ ಗುಂಡಿಗೆ ಹಾಕಿ.