ಚಾರ್ಮಾಡಿಯಲ್ಲಿ ಮಂಜು ಹಿಡಿದ ಗಾಜು

ಪುಷ್ಯ ಮಳೆ ಹೊಡೆಯುತ್ತಿತ್ತು. ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು, ಧರ್ಮಸ್ಥಳಕ್ಕೆ. ಅಲ್ಲಿ ಹೊರಗೆ ಮಂಜು ಇರೋದು ಮಾಮೂಲಿ. ಅವತ್ತು ಗಾಜಿನ ಒಳಗೂ ಹಿಡಿಯಿತು. ಹೆಂಡತಿ ಬಟ್ಟೆಯಲ್ಲಿ ಒರೆಸುತ್ತಲೇ ಇದ್ದಳು. ಎರಡು ತಿರುವು ಕಳೆದರೆ ಮತ್ತೆ ಅದೇ ಕತೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಎಸಿ ಹಾಕಿದರೆ ಗಾಳಿ ತಳ್ಳುವ ಬ್ಲೋವರ್ ಸ್ಪೀಡು 1, 2, 3ರಲ್ಲಿ ಅಲ್ಲಾಡುತ್ತಿರಲಿಲ್ಲ, 4ರಲ್ಲಿ ಮಾತ್ರ ಬೊಬ್ಬೆ ಹೊಡೆಯುತ್ತಿತ್ತು. ಬೊಬ್ಬೆ ಅಷ್ಟೇ, ಗಾಳಿ ದೀಪ ಆರಿಸುವಷ್ಟೂ ಇಲ್ಲ.

"ರೀ, ಎಲ್ಲಾದ್ರೂ ನಿಲ್ಸಿ" ಅಂದಳು. ಆ ರಸ್ತೆಯಲ್ಲಿ ನಿಲ್ಲಿಸೋದೆಲ್ಲಿ? ಕಿಟಕಿ ಎರಡು ಇಂಚು ಇಳಿಸಿ, ಭುಜ ನೆನೆಸಿಕೊಂಡೇ ಉಜಿರೆ ಮುಟ್ಟಿದೆವು.

ಚಿಕ್ಕಮಗಳೂರಿಗೆ ವಾಪಸ್ ಬಂದು ಒಂದು ಅಂಗಡಿಗೆ ತೋರಿಸಿದೆ. ಬಾನೆಟ್ ಎತ್ತುವ ಮೊದಲೇ "ಗ್ಯಾಸ್ ಖಾಲಿ ಸಾರ್" ಅಂದ. ಹೋದ ವರ್ಷವೂ ಹಾಗೇ ಹೇಳಿ ತುಂಬಿಸಿದ್ದ. ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯೋದಲ್ಲ. ಅದು ಪೈಪಿನೊಳಗೇ ಸುತ್ತುತ್ತದೆ. ಒಂದೇ ವರ್ಷದಲ್ಲಿ ಖಾಲಿ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ, ಅದನ್ನು ಹುಡುಕದೆ ಮತ್ತೆ ತುಂಬಿಸೋದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ. ನಾನು ಮೆಕ್ಯಾನಿಕ್ ಅಲ್ಲ. ತೋಟದ ಪಂಪ್‌ಸೆಟ್, ಸ್ಪ್ರೇಯರ್ ಬಿಚ್ಚಿ ಜೋಡಿಸಿ ಗೊತ್ತು, ಅಷ್ಟೇ. ಆದರೂ ಕಾರನ್ನು ಮನೆಗೆ ತಂದೆ.

ಮೊದಲು ಗ್ಯಾಸಿನ ವಿಷಯ ಮುಗಿಸೋಣ ಅಂತ ಎಂಜಿನ್ ಚಾಲೂ ಮಾಡಿ ಎಸಿ ಒತ್ತಿದೆ. ಕಂಪ್ರೆಸರ್ 'ಟಕ್' ಅಂತ ಹಿಡಿಯಿತು. ಐದು ನಿಮಿಷಕ್ಕೆ ದಪ್ಪ ಪೈಪು ತಣ್ಣಗಾಗಿ ಮೇಲೆ ಹನಿ ಕೂತಿತು. ಅಂದರೆ ತಂಪು ಆಗ್ತಿದೆ, ಒಳಗೆ ಬರ್ತಾ ಇಲ್ಲ.

ಗ್ಲೋವ್ ಬಾಕ್ಸ್ ಕಳಚಿ ಅದರ ಹಿಂದಿನ ಫಿಲ್ಟರ್ ಎಳೆದೆ. ಫಿಲ್ಟರ್ ಅಲ್ಲ, ಇಲಿಯ ಸಂಸಾರ! ಗೋಣಿನಾರು, ಕಾಫಿ ಸಿಪ್ಪೆ, ಒಣ ಎಲೆ, ಮಗಳ ಕಳೆದುಹೋದ ಕರ್ಚೀಫು. ನಾನು ಕಾರು ನಿಲ್ಲಿಸೋದು ಕಾಫಿ ಗೋದಾಮಿನ ಪಕ್ಕ, ಬೇರೆ ಏನು ಆಗಬೇಕು. ಇಂಥ ಗೂಡಿಗೆ ಬರಿಗೈ ಹಾಕಬೇಡಿ. ಇಲಿ ಜ್ವರ ಹರಡೋದು ಅದರ ಉಚ್ಚೆಯಿಂದಲೇ. ನಾನು ಗ್ಲೌಸ್, ಮಾಸ್ಕ್ ಹಾಕಿ, ಡೆಟಾಲ್ ನೀರು ಚಿಮುಕಿಸಿ ಒದ್ದೆ ಮಾಡಿಕೊಂಡೇ ತೆಗೆದೆ.

ಬ್ಲೋವರ್ 4ರಲ್ಲಿ ಮಾತ್ರ ತಿರುಗಿದರೆ ಅನುಮಾನ ಮೊದಲು ರೆಸಿಸ್ಟರ್ ಮೇಲೆ. ಕಡಿಮೆ ಸ್ಪೀಡುಗಳಿಗೆ ಕರೆಂಟು ಅದರ ಮೂಲಕ ಹೋಗುತ್ತದೆ, ಕೊನೆಯದಕ್ಕೆ ನೇರ ಮೋಟರಿಗೆ. ನನ್ನ ಕಾರಿನಲ್ಲಿ ಅದಕ್ಕೆ ವೈರು ಸಿಕ್ಕಿಸುವ ಕಪ್ಲರ್ ಕರಗಿ ಕಂದು ಬಣ್ಣಕ್ಕೆ ತಿರುಗಿತ್ತು. ರೆಸಿಸ್ಟರ್ ಕೂತಿರೋದೇ ಗಾಳಿ ಹೋಗೋ ದಾರಿಯಲ್ಲಿ, ಆ ಗಾಳಿಯಿಂದಲೇ ಅದು ತಣ್ಣಗಾಗಬೇಕು. ಇಲಿ ದಾರಿ ಕಟ್ಟಿತು, ಅದು ಸುಟ್ಟಿತು. ಎರಡೂ ಹೊಸದು ಹಾಕಿದೆ.

ಎಡಗಡೆ ಮ್ಯಾಟ್ ಯಾವಾಗಲೂ ಒದ್ದೆ ಇರುತ್ತಿತ್ತು. ಮಳೆಗಾಲದ ಚಪ್ಪಲಿ ನೀರು ಅಂದುಕೊಂಡಿದ್ದೆ. ಹೀಟರಿನ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸೋರಿದರೆ ಬಣ್ಣ ಇರುತ್ತೆ, ಅಂಟುತ್ತೆ, ಸಿಹಿ ವಾಸನೆ ಬರುತ್ತೆ. ಇದು ಬರೀ ನೀರು. ಎಸಿ ನೀರು ಹೊರಹೋಗುವ ಸಣ್ಣ ಪೈಪು ಗೂಡಿನ ಕಸದಿಂದ ಕಟ್ಟಿಕೊಂಡಿತ್ತು. ಕೆಳಗಿನಿಂದ ಮೆತ್ತಗಿನ ತಂತಿ ಆಡಿಸಿದ್ದೇ ಒಂದು ಚೊಂಬು ನೀರು ನನ್ನ ತೋಳಿನ ಮೇಲೇ ಇಳಿಯಿತು. ಗಾಜಿಗೆ ಮಂಜು ಹಿಡಿಯೋಕೆ ಇನ್ನೇನು ಬೇಕು? ಒದ್ದೆ ಮ್ಯಾಟು, ನಾಲ್ಕು ಜನರ ಉಸಿರು. ಸಾಲದ್ದಕ್ಕೆ ನಾನು ಒಳಗಾಳಿಯೇ ಸುತ್ತುವ ಬಟನ್ ಒತ್ತಿಟ್ಟಿದ್ದೆ. ಅದು ನನ್ನದೇ ತಪ್ಪು.

ಹೀಟರ್ ಮಾತ್ರ ಒಂದು ದಿನ ತಿಂದಿತು. ಹೀಟರಿಗೆ ಬಿಸಿ ಬರೋದು ಎಂಜಿನ್ನಿನ ಬಿಸಿ ಕೂಲಂಟಿನಿಂದ, ಅದನ್ನು ಡ್ಯಾಶ್‌ಬೋರ್ಡ್ ಒಳಗೆ ಒಯ್ದು ತರುವ ಎರಡು ಹೋಸ್ ಮುಟ್ಟಿ ನೋಡಬೇಕು. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಒಳಗೆ ಕಟ್ಟಿಕೊಂಡಿದೆ. ಎರಡೂ ಬಿಸಿ ಇದ್ದು ಗಾಳಿ ತಣ್ಣಗೆ ಬಂದರೆ ಗಾಳಿ ತಿರುಗಿಸುವ ಬಾಗಿಲು ಅಥವಾ ಅದರ ಕೇಬಲ್ ಕೆಟ್ಟಿರಬಹುದು. ನನ್ನವು ಎರಡೂ ಉಗುರುಬೆಚ್ಚಗೆ. ಕೂಲಂಟ್ ಮಟ್ಟ ಸರಿ ಇತ್ತು. ಆಗ ಹೊಳೆಯಿತು, ಇತ್ತೀಚೆಗೆ ಟೆಂಪರೇಚರ್ ಮುಳ್ಳು ಕಾಲುಭಾಗ ದಾಟಿದ್ದೇ ನೋಡಿಲ್ಲ.

ಎಂಜಿನ್ ಬಿಸಿಯಾಗುವವರೆಗೂ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯೋದು ಥರ್ಮೋಸ್ಟಾಟ್. ಬೆಳಿಗ್ಗೆ ತಣ್ಣನೆ ಎಂಜಿನ್ನಿನಲ್ಲಿ ಅದರ ಗೂಡು ಬಿಚ್ಚಿದೆ. ಒಳಗೆ ಥರ್ಮೋಸ್ಟಾಟೇ ಇಲ್ಲ! ಎರಡು ವರ್ಷದ ಹಿಂದೆ ಏಪ್ರಿಲ್ ಬಿಸಿಲಲ್ಲಿ ಹಾಸನದ ಹತ್ತಿರ ಎಂಜಿನ್ ಕಾದಿತ್ತು. ರಸ್ತೆ ಬದಿಯ ಗ್ಯಾರೇಜಿನವನು "ನಮ್ಮ ಬಿಸಿಲಿಗೆ ಇದೆಲ್ಲ ಬೇಡ ಸಾರ್, ತೆಗೆದುಬಿಡ್ತೀನಿ" ಅಂದಿದ್ದ. ನಾನು ತಲೆಯಾಡಿಸಿದ್ದೆ. ಅದಿಲ್ಲದಿದ್ದರೆ ನೀರು ಸದಾ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ. ನಮ್ಮ ಮಲೆನಾಡಿನ ಮಳೆಯಲ್ಲಿ, ಅದೂ ಇಳಿಜಾರಿನಲ್ಲಿ, ಎಂಜಿನ್ ಬಿಸಿಯಾಗೋದು ಯಾವಾಗ?

ಹೊಸದರ ಮೇಲೆ 82 ಅಂತ ಅಚ್ಚಾಗಿತ್ತು, ಅಷ್ಟು ಡಿಗ್ರಿಗೆ ಬಾಯಿ ಬಿಡುತ್ತದೆ ಅಂತ. ಹಾಕುವ ಮೊದಲು ದಾರ ಕಟ್ಟಿ ಪಾತ್ರೆಯ ನೀರಿಗೆ ಇಳಿಬಿಟ್ಟು ಒಲೆ ಹಚ್ಚಿದೆ. ಕುದಿ ಬರುವ ಮೊದಲೇ ತೆರೆಯಿತು. "ಅಡುಗೆಮನೇಲಿ ಏನ್ರೀ ಬೇಯಿಸ್ತಿದ್ದೀರಾ?" ಅಂತ ಬೈಗುಳವೂ ಬಂತು. ಕೂಲಂಟಿಗೆ ಸಮ ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿದೆ. ಹೀಟರ್ ಪೂರ್ತಿ ಬಿಸಿಗಿಟ್ಟು, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು ಎಂಜಿನ್ ಚಾಲೂ ಮಾಡಿ, ಗುಳ್ಳೆ ನಿಲ್ಲುವವರೆಗೂ ತುಂಬಿಸುತ್ತಾ ಹೋದೆ. ಬಿಸಿ ಎಂಜಿನ್ನಿನ ಮುಚ್ಚಳ ಮಾತ್ರ ಯಾವತ್ತೂ ತೆಗೀಬೇಡಿ, ನೀರು ಮುಖಕ್ಕೇ ಹಾರುತ್ತದೆ.

ಆಗಸ್ಟಿನಲ್ಲಿ ಮತ್ತೆ ಅದೇ ಘಾಟಿ ಇಳಿದೆವು. ಹೊರಗಾಳಿ, ಹೀಟರ್, ಎಸಿ ಮೂರೂ ಒಟ್ಟಿಗೆ. "ಬಿಸಿನೂ ಹಾಕ್ತೀಯ, ತಂಪೂ ಹಾಕ್ತೀಯ, ಅದ್ಯಾಕೋ?" ಅಂತ ಹಿಂದಿನಿಂದ ಅಮ್ಮ. ಎಸಿ ಗಾಳಿಯ ಪಸೆ ಹೀರುತ್ತೆ, ಹೀಟರ್ ಅದನ್ನ ಬೆಚ್ಚಗೆ ಮಾಡುತ್ತೆ ಅಂದೆ. ಅಣಿಯೂರು ಕ್ರಾಸು ಬರುವವರೆಗೂ ಬಟ್ಟೆ ಮುಟ್ಟಬೇಕಾಗಲಿಲ್ಲ.

ಹೊರಗಾಳಿ ಒಳಬರುವ ಬಾಯಿಗೆ ಈಗ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿದ್ದೇನೆ. ಇಲಿ ಸುಮ್ನೆ ಇರುತ್ತಾ? ಮೊನ್ನೆ ವೈಪರ್ ನೀರಿನ ಪೈಪು ಕಡಿದು ಹೋಗಿದೆ.