ಮೊಂಡು ಖಡ್ಗಕ್ಕೂ ಅರದ ಆರೈಕೆ ಬೇಕು

ಸುಮಾರು ಸಾವಿರ ವರ್ಷಗಳ ಹಿಂದಿನ ಉತ್ತರ ಯುರೋಪಿನ ಕಡಲಯೋಧರಾದ ವೈಕಿಂಗರ ಕಾಳಗವನ್ನು ಮರುಸೃಷ್ಟಿಸುವ ತಂಡಗಳಿಗೆ ಹೊಸದಾಗಿ ಸೇರುವವರಲ್ಲಿ ಹೆಚ್ಚಿನವರು ಒಂದೇ ತಪ್ಪು ಮಾಡುವುದನ್ನು ನಾನು ವರ್ಷವರ್ಷವೂ ನೋಡುತ್ತಿದ್ದೇನೆ. ಅಂಗಡಿಯವರು ‘ಮೊಂಡು ಅಲಗು’ ಎಂದು ಹೇಳಿ ಮಾರಿದ ಖಡ್ಗವನ್ನು ಪೆಟ್ಟಿಗೆಯಿಂದ ತೆಗೆದವರೇ ನೇರವಾಗಿ ಕಣಕ್ಕೆ ತರುತ್ತಾರೆ. ಸಾಣೆ ಹಿಡಿಯದ ಅಲಗು ಬೇರೆ, ಎದುರಾಳಿಯ ಕೈಗೆ ತಾಗಿದರೂ ಚರ್ಮ ಸೀಳದಂತೆ ಉರುಟುಗೊಳಿಸಿದ ಅಲಗು ಬೇರೆ. ಇಂಗ್ಲೆಂಡಿನ ಯಾರ್ಕ್ ನಗರದ ಫೆಬ್ರುವರಿಯ ವೈಕಿಂಗ್ ಉತ್ಸವವಾಗಲಿ, ಪೋಲೆಂಡಿನ ವೊಲಿನ್‌ನಲ್ಲಿ ನಡೆಯುವ ಬೇಸಿಗೆಯ ಮೇಳವಾಗಲಿ, ಕಣಕ್ಕಿಳಿಯುವ ಖಡ್ಗ ಈ ಎರಡನೆಯ ಬಗೆಯದೇ ಆಗಿರಬೇಕು.

ಮೊದಲನೆಯದು ಆಯ್ಕೆ. ಗೋಡೆಗೆ ತೂಗುಹಾಕಲೆಂದು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿದ ಹೊಳೆಯುವ ಖಡ್ಗವನ್ನು ಯಾವ ಕಾರಣಕ್ಕೂ ಕಾಳಗಕ್ಕೆ ತರಬೇಡಿ. ಅಂಥವುಗಳಲ್ಲಿ ಹಿಡಿಯೊಳಗೆ ಹೋಗುವ ಅಲಗಿನ ಬಾಲ ಬಹುಮಟ್ಟಿಗೆ ಬೆಸುಗೆ ಹಾಕಿದ ತೆಳ್ಳನೆಯ ಸರಳಷ್ಟೇ ಆಗಿರುತ್ತದೆ. ನಾಲ್ಕು ಪೆಟ್ಟು ಬಿದ್ದ ಮೇಲೆ ಬೆಸುಗೆ ಬಿಟ್ಟು ಅಲಗು ಪ್ರೇಕ್ಷಕರತ್ತ ಹಾರಬಹುದು. ಬೇಕಾದದ್ದು ಹದ ಹಾಕಿದ ಸ್ಪ್ರಿಂಗ್ ಸ್ಟೀಲ್. ಮೂಲ ಖಡ್ಗಗಳು ಸುಮಾರು 90 ಸೆಂ.ಮೀ. ಉದ್ದವಿದ್ದು, ಹಲವು 1.1 ಕೆ.ಜಿ. ಆಸುಪಾಸು ತೂಗುತ್ತಿದ್ದವು. ಅಂಚು ದಪ್ಪವಿರುವುದರಿಂದ ಪ್ರತಿಕೃತಿ ತುಸು ಭಾರವಾಗುವುದು ಸಹಜ, ಆದರೆ 1.5 ಕೆ.ಜಿ. ಮೀರಿದ್ದನ್ನು ವಾಪಸು ಇಟ್ಟುಬಿಡಿ. ದಣಿದ ಕೈ ಪೆಟ್ಟನ್ನು ತಡೆದು ನಿಲ್ಲಿಸಲಾರದು. ಡೆಹ್ರಾಡೂನ್ ಮತ್ತು ಮೀರತ್‌ನ ಕಾರ್ಖಾನೆಗಳ ಪ್ರತಿಕೃತಿಗಳು ಯುರೋಪಿನ ಅಂಗಡಿಗಳಿಗೂ ಹೋಗುತ್ತವೆ. ಊರು ಯಾವುದೇ ಇರಲಿ, ಹಿಡಿಯನ್ನು ಸಡಿಲವಾಗಿ ಹಿಡಿದು ತುದಿಯ ಗುಬಟಿಗೆ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಲಗಲ ಸದ್ದು ಬಂದರೆ ಜೋಡಣೆ ಸಡಿಲವಿದೆ ಎಂದೇ ತಿಳಿಯಬೇಕು.

ಹಿಡಿಯ ಆಕಾರವನ್ನು ನಿಮ್ಮ ತಂಡ ಅಭಿನಯಿಸುವ ಕಾಲಕ್ಕೆ ಹೊಂದಿಸಿಕೊಳ್ಳಿ. ನಾರ್ವೆಯ ಪುರಾತತ್ವಜ್ಞ ಯಾನ್ ಪೀಟರ್ಸನ್ 1919ರಲ್ಲಿ ಹಿಡಿಗಳ ರೂಪವನ್ನು ಆಧರಿಸಿ ಮಾಡಿದ, ಅಕ್ಷರಗಳಿಂದ ಗುರುತಿಸುವ ವರ್ಗೀಕರಣವೇ ಇಂದಿಗೂ ಆಧಾರ. ಇಂಗ್ಲೆಂಡಿನಲ್ಲಿ 1066ರಲ್ಲಿ ನಡೆದ ಹೇಸ್ಟಿಂಗ್ಸ್ ಕಾಳಗದ ಮರುಸೃಷ್ಟಿಗೆ ಒಂಬತ್ತನೆಯ ಶತಮಾನದ ಹಿಡಿ ಸಲ್ಲದು.

ಇನ್ನು ಎಲ್ಲರೂ ಕೆಡಿಸುವ ಹಂತಕ್ಕೆ ಬರೋಣ, ಅಂದರೆ ಅಂಚಿಗೆ. ಅಲಗನ್ನು ವೈಸ್‌ನಲ್ಲಿ ಅಡ್ಡಡ್ಡ ಮಲಗಿಸಿ, ಎರಡೂ ಬದಿಗೆ ಮರದ ತುಂಡು ಕೊಟ್ಟು ಬಿಗಿಯಿರಿ. ವರ್ನಿಯರ್ ಕ್ಯಾಲಿಪರ್‌ನಿಂದ ಹತ್ತು ಸೆಂ.ಮೀ.ಗೆ ಒಂದು ಕಡೆಯಂತೆ ಅಂಚಿನ ದಪ್ಪವನ್ನು ಅಳೆಯಿರಿ. ಅನೇಕ ತಂಡಗಳು ಕನಿಷ್ಠ 2 ಮಿ.ಮೀ. ದಪ್ಪವನ್ನು ಕೇಳುತ್ತವೆ. ಎಲ್ಲಾದರೂ ತೆಳುವಾಗಿದ್ದರೆ ಅಂಚನ್ನು ಒಳಕ್ಕೆ ಅರದಿಂದ ಉಜ್ಜುತ್ತಾ ಹೋಗಬೇಕು. ಅಲಗು ನಡುವಿನ ಕಡೆಗೆ ದಪ್ಪವಾಗುತ್ತಾ ಹೋಗುವುದರಿಂದ ಅಗಲ ತುಸು ಕಡಿಮೆಯಾದಂತೆ ಅಂಚಿನ ದಪ್ಪ ಹೆಚ್ಚುತ್ತದೆ. ಮೂರು ನಾಲ್ಕು ಮಿ.ಮೀ. ಉಜ್ಜಿದರೂ ದಪ್ಪ ಸಾಲದೆಂದು ಅಳತೆಯಲ್ಲೇ ಕಂಡರೆ ಆ ಖಡ್ಗ ನಿಮಗೆ ಬೇಡ, ಅರ ಮುಟ್ಟಿಸುವ ಮುನ್ನವೇ ಹಿಂತಿರುಗಿಸಿ.

ದಪ್ಪ ಸಿಕ್ಕಿತೆಂದರೆ ಅರ್ಧ ಕೆಲಸವಷ್ಟೇ ಆಯಿತು. 2 ಮಿ.ಮೀ. ಇದ್ದರೂ ಚಪ್ಪಟೆಯಾದ ಅಂಚಿಗೆ ಎರಡು ಚೂಪು ಮೂಲೆಗಳಿರುತ್ತವೆ, ಕೈ ಕೊಯ್ಯುವುದು ಆ ಮೂಲೆಗಳೇ. ಎರಡೂ ಮೂಲೆಗಳನ್ನು 45 ಡಿಗ್ರಿ ಓರೆಯಲ್ಲಿ ಉಜ್ಜಿ; ಆಗ ಹುಟ್ಟುವ ಹೊಸ ಮೂಲೆಗಳನ್ನು ಮತ್ತೆ ಉಜ್ಜಿ. ಅರವನ್ನು ಎರಡೂ ಕೈಯಲ್ಲಿ ಹಿಡಿದು ಅಲಗಿನ ಉದ್ದಕ್ಕೇ ಎಳೆಯಬೇಕು, ಏಕೆಂದರೆ ಅಡ್ಡಗೀರುಗಳಿಂದಲೇ ಮುಂದೆ ಬಿರುಕು ಶುರುವಾಗುತ್ತದೆ. ಕೊನೆಗೆ 120, 240, 400 ನಂಬರಿನ ಎಮರಿ ಕಾಗದದ ಪಟ್ಟಿಗಳನ್ನು ಒಂದಾದ ಮೇಲೊಂದರಂತೆ ಅಂಚಿನ ಮೇಲೆ ಬಾಗಿಸಿ, ಬೂಟಿಗೆ ಪಾಲಿಶ್ ಹಾಕುವವರಂತೆ ಹಿಂದೆ ಮುಂದೆ ಎಳೆಯಿರಿ. ಮೊನೆಯನ್ನು ಚಿಕ್ಕ ನಾಣ್ಯದಷ್ಟು ದುಂಡಗೆ ಮಾಡಿ, ಅದರ ಅಂಚನ್ನೂ ಹೀಗೆಯೇ ಉರುಟುಗೊಳಿಸಿ. ಬೇಗ ಮುಗಿಯಲೆಂದು ಗ್ರೈಂಡರ್ ಹಿಡಿಯುವವರಿದ್ದಾರೆ. ಅಂಚಿನಲ್ಲಿ ಕಾವು ಹತೋಟಿ ಮೀರಿದರೆ ಉಕ್ಕಿನ ಹದ ಕೆಡುತ್ತದೆ, ಕೆಟ್ಟ ಹದವನ್ನು ಮನೆಯಲ್ಲಿ ಸರಿಪಡಿಸಲಾಗದು. ಕೈ ಅರದಿಂದ ಒಂದು ಸಂಜೆಯಲ್ಲಿ ಮುಗಿಯುವ ಕೆಲಸಕ್ಕೆ ಯಂತ್ರ ಬೇಕಿಲ್ಲ.

ಮುಗಿಯಿತೋ ಇಲ್ಲವೋ ಎಂದು ಬೆರಳಿನಿಂದ ಪರೀಕ್ಷಿಸಬೇಡಿ, ಹತ್ತಿಯ ಉಂಡೆಯೊಂದನ್ನು ಅಂಚಿನ ಉದ್ದಕ್ಕೂ ಎಳೆಯಿರಿ. ನಮ್ಮ ತಂಡದ ಹೊಸಬರೊಬ್ಬರು ‘ಸಿದ್ಧವಾಗಿದೆ’ ಎಂದು ತಂದ ಖಡ್ಗದ ಮೇಲೆ ನಾನು ಹೀಗೆ ಎಳೆದಾಗ, ಕಣ್ಣಿಗೆ ಕಾಣದ ಏಳು ಕಡೆ ಬಿಳಿ ಎಳೆಗಳು ಸಿಕ್ಕಿಕೊಂಡು ನಿಂತವು.

ಪ್ರತಿ ಕಾಳಗದ ನಂತರವೂ ಈ ಪರೀಕ್ಷೆ ಆಗಲೇಬೇಕು. ಉಕ್ಕಿಗೆ ಉಕ್ಕು ಬಡಿದಾಗ ಅಂಚು ಮುಕ್ಕಾಗಿ, ಅಲ್ಲಿನ ಲೋಹ ಎರಡೂ ಬದಿಗೆ ಗರಗಸದ ಹಲ್ಲಿನಂತೆ ಎದ್ದು ನಿಲ್ಲುತ್ತದೆ. ಎದ್ದ ಭಾಗವನ್ನು ಮಾತ್ರ ಉಜ್ಜಿ ತೆಗೆಯಿರಿ, ತಗ್ಗನ್ನು ಹಾಗೆಯೇ ಬಿಡಿ. ಮುಕ್ಕು ಪೂರ್ತಿ ಮಾಯವಾಗುವವರೆಗೆ ಇಡೀ ಅಂಚನ್ನು ಸವೆಸುವವರ ಖಡ್ಗ ಕೆಲವೇ ವರ್ಷಗಳಲ್ಲಿ ಕೃಶವಾಗುತ್ತದೆ. ಮುಕ್ಕಿನ ತಳ ಚೂಪಾಗಿ ಸೀಳಿದಂತಿದ್ದರೆ ಸಣ್ಣ ದುಂಡು ಅರದಿಂದ ಆ ತಳವನ್ನಷ್ಟೇ ದುಂಡಾಗಿಸಿ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಖಡ್ಗವನ್ನು ಮತ್ತೆ ಕಣಕ್ಕೆ ಒಯ್ಯಬಾರದು. ಮುಕ್ಕು ಕಡಿಮೆಯಾಗಬೇಕೆಂದರೆ ಗುರಾಣಿಯಿಂದ ತಡೆಯುವುದನ್ನು ಕಲಿಯಿರಿ. ವೈಕಿಂಗ್ ಕಾಳಗದಲ್ಲಿ ತಡೆಯುವ ಕೆಲಸ ಮುಖ್ಯವಾಗಿ ಅದರದ್ದು. ರಂಗಭೂಮಿಗೆ ಅಲ್ಯೂಮಿನಿಯಂ ಅಲಗು ಬಳಸುವವರು ಅದನ್ನು ಉಕ್ಕಿನ ಅಲಗಿಗೆ ಎದುರಾಗಿ ಹಿಡಿಯಬಾರದು, ಮೆತ್ತನೆಯ ಲೋಹ ಒಂದೇ ದೃಶ್ಯದಲ್ಲಿ ಗರಗಸವಾಗುತ್ತದೆ.

ಬೆವರಿನ ಗುರುತು ಬೆಳಗಾಗುವುದರೊಳಗೆ ತುಕ್ಕಾಗಬಲ್ಲುದಾದ್ದರಿಂದ ಅಲಗನ್ನು ಅಂದೇ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ. ಯುರೋಪಿನ ಚಳಿಯಲ್ಲಿ ಅದು ಗಟ್ಟಿಯಾಗಿ ಕೂರುತ್ತದೆ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುವುದರಿಂದ ಖಡ್ಗವನ್ನು ಒರೆಯಲ್ಲಿಟ್ಟು ತಿಂಗಳುಗಟ್ಟಲೆ ಬಿಡದೆ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿ ಇಡಿ. ಕಾಳಗದ ದಿನ ಮಾತ್ರ ಎಣ್ಣೆಯನ್ನು ಪೂರ್ತಿ ಒರೆಸಿ, ಆಯುಧ ಪರೀಕ್ಷಕರು ಕೇಳಿದಾಗ ಹಿಡಿಯನ್ನು ಅವರ ಕಡೆಗೆ ಮಾಡಿ ಕೊಡಿ.