ಚಿನ್ನಿ ಮತ್ತೆ ತಿನ್ನುವವರೆಗೆ

ಈ ಆಷಾಢದಲ್ಲಿ ನಮ್ಮ ಬೆಕ್ಕು ಚಿನ್ನಿಗೆ ವಾಂತಿ, ಭೇದಿ ಎರಡೂ ಶುರುವಾಗಿ ಮೂರು ದಿನ ಡ್ರಿಪ್ ಹಾಕಿಸಬೇಕಾಯಿತು. ಸರಸ್ವತಿಪುರಂನ ಮನೆಗೆ ಕರೆತಂದಾಗ ಕೈಯಲ್ಲಿ ಬರೀ ಮೂಳೆ ಸಿಗುತ್ತಿತ್ತು. ಆಮೇಲಿನ ಹತ್ತು ದಿನ ನಾನು ಮಾಡಿದ್ದು, ಡಾಕ್ಟರ್ ಹೇಳಿಕೊಟ್ಟಿದ್ದು ಇಲ್ಲಿದೆ.

ಮೊದಲು ಒಂದು ಸಣ್ಣ ಕೋಣೆ ಬಿಟ್ಟುಕೊಡಿ. ರಟ್ಟಿನ ಡಬ್ಬದಲ್ಲಿ ಹಳೇ ಕಾಟನ್ ಸೀರೆ ಹಾಸಿ, ನೀರು, ಮರಳಿನ ಟ್ರೇ ಹತ್ತಿರದಲ್ಲೇ ಇಡಿ. ಚಳಿ ಇದ್ದರೆ ಬಿಸಿನೀರಿನ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿ ಡಬ್ಬದ ಒಂದು ಬದಿಗೆ ಮಾತ್ರ ಇಡಿ. ಸೆಕೆಯಾದರೆ ಬೆಕ್ಕು ಈಚೆ ಸರಿದುಕೊಳ್ಳಲಿ. ಆ ಕೋಣೆಯ ನೆಲವನ್ನು ದಯವಿಟ್ಟು ಫಿನಾಯಿಲ್ ಹಾಕಿ ಒರೆಸಬೇಡಿ. ಬೆಕ್ಕು ನೆಲ ತುಳಿದ ಪಾದವನ್ನೇ ನೆಕ್ಕುತ್ತದೆ. ಆ ವಿಷವನ್ನು ಹೊರಹಾಕುವ ಶಕ್ತಿ ಅದರ ಲಿವರ್‌ಗೆ ಇಲ್ಲ. ಸೋಪಿನ ನೀರು ಸಾಕು.

ಎಲ್ಲಕ್ಕಿಂತ ದೊಡ್ಡ ಕೆಲಸ ಊಟ. ನಾಯಿಯ ಹಾಗೆ ಬೆಕ್ಕು ಉಪವಾಸ ತಡೆಯುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಯ ಕೊಬ್ಬು ಲಿವರ್‌ನಲ್ಲಿ ತುಂಬಿಕೊಳ್ಳಲು ಶುರುವಾಗುತ್ತದೆ, ದಪ್ಪ ಬೆಕ್ಕಿಗಂತೂ ಇದು ಬಹಳ ಅಪಾಯ. 24 ಗಂಟೆ ಬಾಯಿಗೆ ಏನೂ ಹೋಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ನಾಳೆ ನೋಡೋಣ ಅನ್ನಬೇಡಿ.

ನಮ್ಮ ಮನೆಯಲ್ಲಿ ಮಾಂಸ ಬೇಯಿಸುವುದಿಲ್ಲ. ಪಕ್ಕದ ಮನೆಯ ಮಂಡ್ಯದ ಅಕ್ಕ ದಿನಾ ಒಂದು ಹಿಡಿ ಕೋಳಿ ಬೇಯಿಸಿ ಕಾಂಪೌಂಡ್ ಮೇಲಿಂದ ಕೊಡುತ್ತಿದ್ದರು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಬೇಡ ಅಂತ ಹೇಳಿದ್ದೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕಣವನ್ನೇ ಒಡೆಯುತ್ತವೆ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ, ಯಾಕೆಂದರೆ ಬೆಕ್ಕು ಬಾಯಿಗಿಂತ ಮೊದಲು ಮೂಗಿನಿಂದ ತಿನ್ನುತ್ತದೆ. ಮೊದಲ ದಿನ ಚಿನ್ನಿ ಮುಖ ತಿರುಗಿಸಿಬಿಟ್ಟಳು. ಕೋಳಿ ಬೆಂದ ನೀರನ್ನು ಅವಳ ಮುಂಗಾಲಿಗೆ ಸವರಿ ಸುಮ್ನೆ ಕೂತೆ. ಸ್ವಲ್ಪ ಹೊತ್ತಿಗೆ ಒಂದು ಸಲ ನೆಕ್ಕಿದಳು. ಕಿವಿ ಮುಂದಕ್ಕೆ ಬಂತು. ಆಮೇಲೆ ಬಟ್ಟಲನ್ನು ಮೂಸಿ ಚಮಚದಷ್ಟು ತಿಂದಳು. ನನಗೆ ಅಳು ಬಂದುಬಿಟ್ಟಿತು. ಎರಡು ಮೂರು ಗಂಟೆಗೊಮ್ಮೆ ಅಷ್ಟಷ್ಟೇ ಕೊಡಿ. ಹಾಲು ಬೇಡ, ಭೇದಿ ಜಾಸ್ತಿಯಾಗುತ್ತದೆ. ಸಿರಿಂಜಿನಲ್ಲಿ ತಿನ್ನಿಸಿ ಅಂತ ಡಾಕ್ಟರ್ ಹೇಳಿದ್ದರೆ ಬಾಯಿಯ ಪಕ್ಕದಿಂದ ನಿಧಾನ ಬಿಡಿ, ತಲೆ ಮೇಲಕ್ಕೆತ್ತಬೇಡಿ. ಶ್ವಾಸಕೋಶಕ್ಕೆ ಹೋದರೆ ಕಷ್ಟ.

ಮಾತ್ರೆ ಕೊಡುವಾಗ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ. ಮಾತ್ರೆಯ ಹಿಂದೆಯೇ ಸುಮಾರು 5 ಮಿಲಿ ನೀರು ಕುಡಿಸಿ. ಡಾಕ್ಸಿಸೈಕ್ಲಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ ಅನ್ನನಾಳದಲ್ಲಿ ಅಂಟಿ ಉಳಿದರೆ ಅಲ್ಲೇ ಹುಣ್ಣು ಮಾಡುತ್ತದೆ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಅಂತೂ ಕೊಡಲೇಬೇಡಿ, ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು. ಅಷ್ಟಕ್ಕೂ ಬೆಕ್ಕಿನ ಮೈ ನಮಗಿಂತ ಬಿಸಿ, 38ರಿಂದ 39.2 ಡಿಗ್ರಿ ಸೆಲ್ಸಿಯಸ್‌ವರೆಗೆ ಸಹಜ.

ವಸಡು ಬಿಳಿಚಿದರೆ, ಹಳದಿಯಾದರೆ, ಬಾಯಿ ತೆರೆದು ಉಸಿರಾಡಿದರೆ, ಗಂಡುಬೆಕ್ಕು ಟ್ರೇಯಲ್ಲಿ ತಿಣುಕಿದರೂ ಮೂತ್ರ ಬರದಿದ್ದರೆ ರಾತ್ರಿಯಾದರೂ ಸರಿ, ಆಗಲೇ ಹೊರಡಿ.

ನಾನು ದಿನಾ ಬೆಳಿಗ್ಗೆ ಅಡುಗೆಮನೆ ತಕ್ಕಡಿಯ ಮೇಲೆ ಬುಟ್ಟಿಯಿಟ್ಟು ಚಿನ್ನಿಯನ್ನು ತೂಗಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ. ಬಂದ ದಿನ 2.6 ಕೆಜಿ, ಹತ್ತನೇ ದಿನ 2.8. ನೀವೂ ಬರೆದಿಡಿ. ಎರಡು ದಿನ ಸತತ ಇಳಿದರೆ ಆ ಪುಟವನ್ನೇ ಡಾಕ್ಟರಿಗೆ ತೋರಿಸಿ.